ದಡ ಕಾಣದ ದಿನ: ವಿಹಾರ ನೌಕೆಯಲ್ಲಿ ಕಡಲ ನಡುವಿನ ಒಂದು ದಿನವನ್ನು ಕಳೆಯುವ ಬಗೆ

ವಿಹಾರ ನೌಕೆಯ ಟಿಕೆಟ್ಟಿನ ಜೊತೆಗೆ ಬರುವ ವೇಳಾಪಟ್ಟಿಯಲ್ಲಿ ಒಂದು ದಿನದ ಎದುರು ಯಾವ ಊರಿನ ಹೆಸರೂ ಇರುವುದಿಲ್ಲ, ‘ಸಮುದ್ರದಲ್ಲಿ’ ಎಂದಷ್ಟೇ ಬರೆದಿರುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಮೊದಲ ಸಲ ಹಡಗು ಹತ್ತಲು ಹೊರಟವರು ನನ್ನನ್ನು ಕೇಳುವುದು ಹೆಚ್ಚಾಗಿ ಈ ಸಾಲಿನ ಬಗ್ಗೆಯೇ: ‘ಅವತ್ತು ಇಡೀ ದಿನ ಏನು ಮಾಡೋದ್ರಿ?’ ಪ್ರಶ್ನೆ ಸಹಜವಾದುದು. ನಮ್ಮ ಸೀಮೆಯವರಿಗೆ ನೀರೆಂದರೆ ಆಚೆ ದಡವಿರುವ ನೀರು. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಎಡೆದೊರೆ ನಾಡಿನಲ್ಲಿ ಬೆಳೆದವರು ಎರಡು ಹೊಳೆಗಳನ್ನು ಬಲ್ಲರು, ಆನೆಗೊಂದಿಯಲ್ಲಿ ಹರಿಗೋಲಿನಲ್ಲಿ ಕುಳಿತು ತುಂಗಭದ್ರೆಯನ್ನು ದಾಟಿರುತ್ತಾರೆ, ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ಮುನಿರಾಬಾದಿನ ಅಣೆಕಟ್ಟೆಯ ಹಿನ್ನೀರನ್ನೂ ಕಂಡಿರುತ್ತಾರೆ. ಆದರೆ ಆ ಹಿನ್ನೀರಿನಾಚೆಗೂ ಗುಡ್ಡದ ಸಾಲೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಯಾವ ದಿಕ್ಕಿಗೆ ತಿರುಗಿದರೂ ನೆಲವಿಲ್ಲದ ಒಂದು ದಿನ ನಮಗೆ ಬೇರೆಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಎರಡು ಬಂದರುಗಳ ನಡುವೆ ಹೇಗಾದರೂ ದಾಟಿಸಬೇಕಾದ ಬಿಡುವೆಂದು ಅದನ್ನು ಎಣಿಸದೆ, ಪ್ರವಾಸದ ತಿರುಳೇ ಆ ದಿನವೆಂದು ತಿಳಿದು ಸಿದ್ಧರಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅವ್ವ, ಅಣ್ಣ, ಅತ್ತಿಗೆ ಮತ್ತು ಅವರ ಇಬ್ಬರು ಮಕ್ಕಳೊಂದಿಗೆ ಮುಂಬೈಯಿಂದ ದಕ್ಷಿಣಕ್ಕೆ ಹೋಗಿ ಬಂದ ಅನುಭವದಿಂದ, ಅಲ್ಲಿ ಮಾಡಿದ ತಪ್ಪುಗಳಿಂದಲೂ, ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ.

ಊರು ಬಿಡುವ ಮೊದಲು

ಕಡಲಿನಲ್ಲಿ ದಿನ ಹೇಗೆ ಕಳೆಯುತ್ತದೆ ಎಂಬುದರಲ್ಲಿ ಅರ್ಧಭಾಗ ಟಿಕೆಟ್ ಕಾಯ್ದಿರಿಸುವಾಗಲೇ ತೀರ್ಮಾನವಾಗಿರುತ್ತದೆ. ಮೊದಲು ತಿಂಗಳನ್ನು ನೋಡಬೇಕು. ನೈಋತ್ಯ ಮುಂಗಾರು ಬೀಸುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಒರಟಾಗಿರುತ್ತದೆ. ನಮ್ಮ ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದು ಮೀನಿನ ಸಂತಾನಕ್ಕಾಗಿ ಎಂಬುದು ನಿಜವಾದರೂ, ಆ ತಿಂಗಳುಗಳ ಕಡಲು ಹೇಗಿರುತ್ತದೆ ಎಂಬುದಕ್ಕೂ ಅದೊಂದು ಸೂಚನೆ. ಪಶ್ಚಿಮದ ಕಡಲಿಗೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಉತ್ತಮ. ಚೆನ್ನೈಯಿಂದ ಶ್ರೀಲಂಕಾ ಕಡೆಗೆ ಹೋಗುವವರು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಏಳುವುದುಂಟು ಎಂಬುದನ್ನು ನೆನಪಿನಲ್ಲಿಡಬೇಕು.

ಎರಡನೆಯದು ಕ್ಯಾಬಿನ್. ಬಾವಿಯ ಏತವನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಮರದ ಎರಡು ತುದಿಗಳು ಏರಿ ಇಳಿಯುತ್ತವೆ, ಆಸರೆಯ ಕಂಬದ ಮೇಲಿನ ಭಾಗ ಮಾತ್ರ ಹೆಚ್ಚುಕಡಿಮೆ ನಿಂತಲ್ಲೇ ಇರುತ್ತದೆ. ಹಡಗಿನ ಚಲನೆಯೂ ಹಾಗೆಯೇ. ಮುಂದಿನ ಮೂತಿ ಮತ್ತು ಹಿಂದಿನ ತುದಿ ಹೆಚ್ಚು ಏರಿಳಿಯುತ್ತವೆ, ಮೇಲಿನ ಅಂತಸ್ತುಗಳು ಅಡ್ಡಕ್ಕೆ ಹೆಚ್ಚು ತೂಗುತ್ತವೆ, ಕೆಳಗಿನ ಅಂತಸ್ತಿನ ನಡುಭಾಗ ಕಡಿಮೆ ಅಲುಗುತ್ತದೆ. ನೋಟ ಚೆನ್ನಾಗಿರುತ್ತದೆಂದು ನಾನು ಅವ್ವನಿಗಾಗಿ ಆರಿಸಿದ್ದು ಮೇಲಿನ ಅಂತಸ್ತಿನ, ಮುಂಭಾಗದ ಕ್ಯಾಬಿನ್. ಮರುದಿನ ಬೆಳಿಗ್ಗೆ ಹತ್ತರವರೆಗೆ ಅವರಿಗೆ ದಿಂಬಿನಿಂದ ತಲೆ ಎತ್ತಲಾಗಲಿಲ್ಲ. ಹಿರಿಯರು ಮತ್ತು ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವ ಸ್ವಭಾವದವರು ಜೊತೆಗಿದ್ದರೆ ನೋಟವನ್ನು ಬಿಟ್ಟುಕೊಟ್ಟಾದರೂ ಕೆಳಗಿನ ನಡುಭಾಗವನ್ನೇ ಕೇಳಿ ಪಡೆಯಿರಿ. ನೋಟಕ್ಕೆ ತೆರೆದ ಡೆಕ್ ಇದ್ದೇ ಇದೆ.

ಹಡಗು ಯಾರಿಗಾಗಿಯೂ ಕಾಯುವುದಿಲ್ಲ, ಹೊರಡುವ ಸಮಯಕ್ಕೆ ಸಾಕಷ್ಟು ಮೊದಲೇ ಹತ್ತುವ ಬಾಗಿಲು ಮುಚ್ಚುತ್ತದೆ; ಆದ್ದರಿಂದ ಹಿಂದಿನ ದಿನವೇ ಬಂದರಿನ ಊರನ್ನು ಸೇರಿರಬೇಕು. ರಾಯಚೂರು ಮುಂಬೈ–ಚೆನ್ನೈ ರೈಲು ಮಾರ್ಗದಲ್ಲೇ ಇರುವುದರಿಂದ ಅಲ್ಲಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನೇರವಾಗಿ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಮುಟ್ಟಿಸುತ್ತದೆ. ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಆ ನಿಲ್ದಾಣದಿಂದ ಸುಮಾರು 2 ಕಿಲೋಮೀಟರ್ ಮಾತ್ರ. ಬಳ್ಳಾರಿಯವರು ಗುಂತಕಲ್ಲಿಗೆ ಹೋಗಿ ಅದೇ ರೈಲನ್ನು ಹಿಡಿಯಬಹುದು. ನಿಮ್ಮ ಯಾನ ಗೋವಾದಿಂದ ಶುರುವಾಗುವುದಾದರೆ ಬಳ್ಳಾರಿ ಮತ್ತು ಕೊಪ್ಪಳದವರ ದಾರಿ ಇನ್ನೂ ಸುಲಭ: ವಾರದ ಕೆಲವು ದಿನ ಓಡುವ ಅಮರಾವತಿ ಎಕ್ಸ್‌ಪ್ರೆಸ್ ಎರಡೂ ಊರುಗಳ ಮೇಲೆ ಹಾದು ವಾಸ್ಕೋ ತಲುಪುತ್ತದೆ, ಮುರ್ಮಗೋವಾ ಬಂದರು ಅದರ ಪಕ್ಕದಲ್ಲೇ ಇದೆ.

ಸಾಮಾನು ಕಟ್ಟುವಾಗ ನಮ್ಮ ಕಡೆಯವರು ಹೆಚ್ಚಾಗಿ ಎಡವುವುದು ಎರಡು ಕಡೆ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ದೀಪ, ಊದುಬತ್ತಿಗಳನ್ನು ಹಡಗಿನೊಳಗೆ ಬಿಡುವುದಿಲ್ಲ, ಏಕೆಂದರೆ ಕಡಲ ನಡುವೆ ಬೆಂಕಿಗಿಂತ ದೊಡ್ಡ ಭಯವಿಲ್ಲ. ಮನೆಯಲ್ಲಿ ಮಾಡಿದ ಅಡುಗೆಯನ್ನೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿಪುಡಿಗಳ ಗಂಟು ಕಟ್ಟುವ ಮೊದಲು ಟಿಕೆಟ್ ಕೊಟ್ಟವರನ್ನು ಕೇಳಿಕೊಳ್ಳಿ, ಅಂಗಡಿಯಲ್ಲಿ ಸೀಲು ಮಾಡಿದ ಪೊಟ್ಟಣಕ್ಕೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು. ದೊಡ್ಡ ಪೆಟ್ಟಿಗೆಗಳು ಕ್ಯಾಬಿನ್ ತಲುಪುವುದು ತಡವಾಗುವುದರಿಂದ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು, ಗುರುತಿನ ಚೀಟಿ, ಮಕ್ಕಳ ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಅವರ ಶುಲ್ಕ ಟಿಕೆಟ್ಟಿನಲ್ಲಿ ಸೇರಿರುವುದಿಲ್ಲ.

ಜೊತೆಗೆ ಒಂದು ಬಟ್ಟೆಯ ಚೌಕಾಬಾರದ ಹಾಸನ್ನೂ ನಾಲ್ಕೈದು ಕವಡೆಗಳನ್ನೂ ಇಟ್ಟುಕೊಳ್ಳಿ. ಅದರ ಉಪಯೋಗವನ್ನು ಮುಂದೆ ಹೇಳುತ್ತೇನೆ.

ಹತ್ತಿದ ಸಂಜೆ ಮುಗಿಸಬೇಕಾದ ಕೆಲಸಗಳು

ಮರುದಿನ ನಿಶ್ಚಿಂತೆಯಿಂದ ಇರಬೇಕಾದರೆ ಕೆಲವು ಕೆಲಸಗಳು ಹತ್ತಿದ ದಿನವೇ ಮುಗಿಯಬೇಕು. ಸುರಕ್ಷತಾ ಅಭ್ಯಾಸ ಅವುಗಳಲ್ಲಿ ಮೊದಲನೆಯದು, ಅದನ್ನು ತಪ್ಪಿಸಿಕೊಳ್ಳುವ ಯೋಚನೆಯನ್ನೇ ಮಾಡಬಾರದು. 1912ರಲ್ಲಿ ಟೈಟಾನಿಕ್ ಮುಳುಗಿದ ಬಳಿಕ 1914ರಲ್ಲಿ ಸಮುದ್ರದಲ್ಲಿನ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ರೂಪುಗೊಂಡಿತು. 2012ರಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತಾಗ, ಹಡಗು ಹತ್ತಿದ್ದ ಎಷ್ಟೋ ಜನರಿಗೆ ಇನ್ನೂ ಈ ಅಭ್ಯಾಸವೇ ಆಗಿರಲಿಲ್ಲ. ಆ ನಂತರವೇ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಅಭ್ಯಾಸ ನಡೆಯಬೇಕೆಂಬ ನಿಯಮ ಬಂದದ್ದು. ಹಡಗಿನ ಸೈರನ್ನಿನ ಏಳು ಸಣ್ಣ ಕೂಗು, ಅದರ ಬೆನ್ನಿಗೆ ಒಂದು ಉದ್ದನೆಯ ಕೂಗು ಕೇಳಿದರೆ ಅದು ತುರ್ತಿನ ಕರೆ. ನಿಮ್ಮ ಗುಂಪು ಸೇರಬೇಕಾದ ಜಾಗ ಯಾವುದೆಂದು ಕೇಳಿ ತಿಳಿದ ಮೇಲೆ, ಕ್ಯಾಬಿನ್‌ನಿಂದ ಅಲ್ಲಿಯವರೆಗೆ ಲಿಫ್ಟ್ ಬಿಟ್ಟು ಮೆಟ್ಟಿಲಿನಲ್ಲೇ ಒಮ್ಮೆ ನಡೆದು ನೋಡಿ. ಮಕ್ಕಳ ಕೈಯಲ್ಲೇ ದಾರಿ ತೋರಿಸಲು ಹೇಳಿ. ಲೈಫ್ ಜಾಕೆಟ್ ಎಲ್ಲಿದೆ ಎಂಬುದನ್ನು ಮನೆಯ ಪ್ರತಿಯೊಬ್ಬರೂ ತಮ್ಮ ಕಣ್ಣಿನಿಂದಲೇ ನೋಡಿರಬೇಕು.

ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ದಡದ ಸಿಗ್ನಲ್ ಹೋದ ಮೇಲೆ ಫೋನು ತಾನಾಗಿಯೇ ಹಡಗಿನ ಉಪಗ್ರಹ ಜಾಲಕ್ಕೆ ಸೇರಿಕೊಂಡರೆ ಅದರ ದರ ಊರಿನ ದರದಂತೆ ಇರುವುದಿಲ್ಲ. ಮನೆಗೆ ಬಂದ ಮೇಲೆ ಬಿಲ್ಲು ನೋಡಿ ಹೌಹಾರಿದವರನ್ನು ನಾನು ಬಲ್ಲೆ. ಊರಿನಲ್ಲಿರುವವರಿಗೆ ‘ನಾಳೆ ಫೋನು ಹತ್ತುವುದಿಲ್ಲ, ಗಾಬರಿಯಾಗಬೇಡಿ’ ಎಂದು ದಡ ಬಿಡುವ ಮೊದಲೇ ತಿಳಿಸಿ. ಏರೋಪ್ಲೇನ್ ಮೋಡ್‌ನಲ್ಲಿಯೂ ಜಿ.ಪಿ.ಎಸ್. ಕೆಲಸ ಮಾಡುತ್ತದೆ, ಆದ್ದರಿಂದ ಮುಂಬೈಯಿಂದ ಕೊಚ್ಚಿಯವರೆಗಿನ ಕರಾವಳಿಯ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡು ಬಂದಿರಿ.

ಮರುದಿನದ ಕಾರ್ಯಕ್ರಮ ಪಟ್ಟಿ ಸಂಜೆಯ ಹೊತ್ತಿಗೆ ಸಿಗುತ್ತದೆ. ಅದರಲ್ಲಿ ಬೆಳಗಿನಿಂದ ನಡುರಾತ್ರಿಯವರೆಗೆ ಕುಣಿತ, ಅಡುಗೆ ಪ್ರದರ್ಶನ, ಅಂತ್ಯಾಕ್ಷರಿ, ಮಕ್ಕಳ ಆಟ, ಜಾದೂ ಎಂದು ಸಾಲುಸಾಲಾಗಿ ಇರುತ್ತವೆ. ಮನೆಮಂದಿ ಕುಳಿತು ಮೂರನ್ನು ಮಾತ್ರ ಗುರುತು ಹಾಕಿ. ದುಡ್ಡು ಕೊಟ್ಟಿದ್ದೇವೆಂದು ಎಲ್ಲಕ್ಕೂ ಓಡಿದರೆ ಕಡಲನ್ನೇ ನೋಡದೆ ಇಳಿದುಬರುತ್ತೀರಿ. ಹಾಗೆ ಬಂದವರಿದ್ದಾರೆ, ಅವರ ಫೋನಿನಲ್ಲಿ ವೇದಿಕೆಯ ಫೋಟೋಗಳಷ್ಟೇ ಇರುತ್ತವೆ.

ನಸುಕು ಮತ್ತು ಬೆಳಗು

ಇಡೀ ದಿನದಲ್ಲಿ ಒಂದೇ ಒಂದು ಹೊತ್ತನ್ನು ಉಳಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ನಾನು ನಸುಕನ್ನು ಉಳಿಸಿಕೊಳ್ಳುತ್ತೇನೆ. ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್‌ನಲ್ಲಿ ಮಲಗಿದವರಿಗೆ ಬೆಳಗಾದದ್ದೇ ತಿಳಿಯುವುದಿಲ್ಲವಾದ್ದರಿಂದ ಅಲಾರಂ ಬೇಕು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಡೆಕ್ಕಿನ ಮೇಲಿರಬೇಕು. ಎಲ್ಲಿ ನಿಲ್ಲಬೇಕೆಂಬುದಕ್ಕೆ ಒಂದು ಲೆಕ್ಕವಿದೆ. ಮುಂಬೈಯಿಂದ ದಕ್ಷಿಣಕ್ಕೆ ಹೋಗುವ ಹಡಗಿನಲ್ಲಿ ಮೂತಿಯ ಕಡೆಗೆ ಮುಖ ಮಾಡಿ ನಿಂತರೆ ಪೂರ್ವ ನಿಮ್ಮ ಎಡಕ್ಕೆ, ಪಶ್ಚಿಮ ಬಲಕ್ಕೆ. ಹಾಗಾಗಿ ಸೂರ್ಯ ಹುಟ್ಟುವುದನ್ನು ಎಡ ಬದಿಯಲ್ಲೂ ಮುಳುಗುವುದನ್ನು ಬಲ ಬದಿಯಲ್ಲೂ ನೋಡಬೇಕು, ಬೆಳಿಗ್ಗೆ ನೆರಳು ಬೇಕಾದವರು ಬಲಕ್ಕೆ, ಇಳಿಹೊತ್ತಿನಲ್ಲಿ ಎಡಕ್ಕೆ ಕುರ್ಚಿ ಹಾಕಿಕೊಳ್ಳಬೇಕು. ಮರಳಿ ಬರುವಾಗ ಎಲ್ಲವೂ ಅದಲುಬದಲಾಗುತ್ತದೆ. ಇಷ್ಟು ತಿಳಿದಿದ್ದರೆ ಬಾಲ್ಕನಿಯ ಕ್ಯಾಬಿನ್ ತೆಗೆದುಕೊಳ್ಳುವವರು ಯಾವ ಬದಿ ಕೇಳಬೇಕೆಂಬುದನ್ನೂ ಮೊದಲೇ ನಿರ್ಧರಿಸಬಹುದು.

ಡೆಕ್ಕಿನ ಮೇಲೆ ಗಾಳಿ ಬಲವಾಗಿಯೇ ಇರುತ್ತದೆ. ಹಡಗು 18 ನಾಟ್ ವೇಗದಲ್ಲಿ ಹೋಗುತ್ತಿದ್ದರೆ, ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್ ಆದ್ದರಿಂದ, ಎಲೆ ಅಲುಗದ ದಿನವೂ ಎದುರಿಗೆ 33 ಕಿಲೋಮೀಟರ್ ವೇಗದ ಗಾಳಿ ಬೀಸಿದಂತೆ ಆಗುತ್ತದೆ. ಹಿರಿಯರ ಕಿವಿಗೆ ಒಂದು ಮಫ್ಲರ್, ಹೆಗಲಿಗೆ ಒಂದು ಶಾಲು ಇರಲಿ. ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಬೇಕು, ಟೋಪಿಗೆ ದಾರವಿರಬೇಕು. ನೀರಿನಿಂದ 25 ಮೀಟರ್ ಎತ್ತರದ ಡೆಕ್ಕಿನಲ್ಲಿ ನಿಂತವರಿಗೆ ದಿಗಂತ ಸುಮಾರು 18 ಕಿಲೋಮೀಟರ್ ದೂರದಲ್ಲಿರುತ್ತದೆ. ಅಲ್ಲಿಂದ ಇಲ್ಲಿಯವರೆಗೆ ನೀರೇ. ನಮ್ಮ ಅವ್ವ ಮರಳುವ ದಾರಿಯ ನಸುಕಿನಲ್ಲಿ ಅದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ, ಆಮೇಲೆ ‘ಇದಕ್ಕ ಬದು ಅನ್ನೋದ ಇಲ್ಲಲ್ಲಪ್ಪಾ’ ಎಂದರು.

ತಿಂಡಿಯ ವಿಷಯ ಬೇಗ ಮುಗಿಸಬಹುದು. ಬಫೆಯಲ್ಲಿ ಎಂಟೂವರೆಯಿಂದ ಹತ್ತರವರೆಗೆ ಸಾಲು ಉದ್ದವಿರುತ್ತದೆ, ಸೂರ್ಯೋದಯ ನೋಡಿ ನೇರವಾಗಿ ಹೋದವರಿಗೆ ಜಾಗ ಸಿಗುತ್ತದೆ. ಸಾವಿರಾರು ಜನ ಒಂದೇ ಚಮಚವನ್ನು ಮುಟ್ಟುವ ಜಾಗವಾದ್ದರಿಂದ ತಿನ್ನುವ ಮೊದಲು ಸಾಬೂನು ಹಚ್ಚಿ ಕೈ ತೊಳೆಯಿರಿ. ಹಡಗುಗಳಲ್ಲಿ ವಾಂತಿಭೇದಿ ಹರಡಿಸುವ ನೊರೊವೈರಸ್ ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ.

ಹೊಟ್ಟೆ ತೊಳಸಿದರೆ

ಒಳಗಿವಿಯಲ್ಲಿರುವ ಸಮತೋಲನದ ಅಂಗ ‘ಅಲುಗುತ್ತಿದ್ದೇವೆ’ ಎನ್ನುತ್ತದೆ, ಕ್ಯಾಬಿನ್ನಿನ ಗೋಡೆಯನ್ನು ನೋಡುತ್ತಿರುವ ಕಣ್ಣು ‘ನಿಂತಿದ್ದೇವೆ’ ಎನ್ನುತ್ತದೆ. ಈ ಎರಡು ಸುದ್ದಿಗಳು ತಾಳೆಯಾಗದಿದ್ದಾಗ ವಾಕರಿಕೆ, ತಲೆಸುತ್ತು ಶುರುವಾಗುತ್ತವೆ. ಕಾರಣ ಇದಾದ್ದರಿಂದ ಪರಿಹಾರವೂ ಇದರಲ್ಲೇ ಇದೆ. ತೊಂದರೆಯಾದವರನ್ನು ಕ್ಯಾಬಿನ್‌ನಲ್ಲಿ ಮಲಗಿಸಿ ಬಾಗಿಲು ಹಾಕುವುದು ನಮಗೆ ಮೊದಲು ತೋಚುವ ಉಪಾಯ, ಆದರೆ ಅದರಿಂದ ಕಷ್ಟ ಹೆಚ್ಚುವುದೇ ಹೆಚ್ಚು. ಹಡಗಿನ ನಡುಭಾಗದ ತೆರೆದ ಡೆಕ್ಕಿಗೆ ಕರೆತಂದು, ಮುಂದಕ್ಕೆ ಮುಖ ಮಾಡಿ ಕೂರಿಸಿ, ಅಲುಗದೆ ನಿಂತಿರುವ ದಿಗಂತದ ಗೆರೆಯನ್ನು ನೋಡಲು ಹೇಳಿ. ಕಣ್ಣಿಗೂ ಚಲನೆ ತಿಳಿಯುವುದರಿಂದ ಕಿವಿಯೊಂದಿಗಿನ ಜಗಳ ಇಳಿಯುತ್ತದೆ. ಓದುವುದು, ಫೋನು ನೋಡುವುದು ಆ ಹೊತ್ತಿಗೆ ಬೇಡ. ಖಾಲಿ ಹೊಟ್ಟೆಯೂ ಕೂಡದು, ಎಣ್ಣೆಯಲ್ಲಿ ಕರಿದದ್ದೂ ಕೂಡದು. ಒಣ ಬಿಸ್ಕತ್ತು, ಬಿಳಿ ಅನ್ನ, ಹಸಿಶುಂಠಿಯ ಸಣ್ಣ ಚೂರು, ಗುಟುಕು ಗುಟುಕಾಗಿ ನೀರು ಸಾಕು. ಅವ್ವನನ್ನು ಹೀಗೆ ಹೊರಗೆ ತಂದು ಕೂರಿಸಿದ ಮೇಲೆ ಊಟದ ಹೊತ್ತಿಗೆ ಮೊಸರನ್ನ ಉಣ್ಣುವಷ್ಟು ಚೇತರಿಸಿಕೊಂಡರು.

ಅವೊಮಿನ್‌ನಂಥ ಮಾತ್ರೆಗಳು ವಾಂತಿ ಬರುವ ಮೊದಲೇ, ಯಾನ ಶುರುವಾಗುವ ಒಂದೆರಡು ಗಂಟೆ ಮುಂಚೆ ತೆಗೆದುಕೊಂಡರೆ ಹೆಚ್ಚು ಕೆಲಸ ಮಾಡುತ್ತವೆ. ಅವು ನಿದ್ದೆ ತರಿಸುತ್ತವೆ, ಮದ್ಯದ ಜೊತೆ ಸೇರಬಾರದು. ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ, ಬೇರೆ ಮಾತ್ರೆ ನುಂಗುವ ಹಿರಿಯರಿಗೆ ಊರಿನ ವೈದ್ಯರನ್ನು ಕೇಳದೆ ಕೊಡಬೇಡಿ.

ಹೊತ್ತೇರಿದ ಮೇಲೆ

ತಿಂಡಿಯಾದ ಬಳಿಕ ಮನೆಮಂದಿಯೆಲ್ಲ ಹಡಗನ್ನು ಮೇಲಿನಿಂದ ಕೆಳಕ್ಕೆ ಒಂದು ಸುತ್ತು ನಡೆದು ನೋಡುವುದು ಒಳ್ಳೆಯದು. ಕ್ಯಾಬಿನ್ನಿನ ಬಚ್ಚಲಿಗೆ ಎತ್ತರದ ಹೊಸ್ತಿಲಿರುವುದನ್ನು ಹಿರಿಯರಿಗೆ ಮತ್ತೆ ಮತ್ತೆ ನೆನಪಿಸಿ, ಮೆಟ್ಟಿಲಿನಲ್ಲಿ ಒಂದು ಕೈ ಸದಾ ಕಟಕಟೆಯ ಮೇಲಿರಲಿ. ಮಕ್ಕಳನ್ನು ಫೋಟೋಕ್ಕೆಂದು ಕಟಕಟೆಯ ಮೇಲೆ ಎತ್ತಿ ಹಿಡಿಯುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಈಜುಕೊಳದ ಬಳಿ ಕಾವಲುಗಾರರಿದ್ದಾರೆಂದು ನಂಬಿ ಮಕ್ಕಳನ್ನು ಬಿಟ್ಟುಹೋಗುವುದೂ ತರವಲ್ಲ. ದೊಡ್ಡವರಲ್ಲಿ ಒಬ್ಬರು ಪಾಳಿಯಂತೆ ಅಲ್ಲೇ ಕುಳಿತಿರಬೇಕು.

ಬಿಸಿಲಿನ ಬಗ್ಗೆ ಬಳ್ಳಾರಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ ಎಂದು ನಾವು ತಿಳಿದಿರುತ್ತೇವೆ. ನಮ್ಮೂರಿನಲ್ಲಿ ಇರುವುದು ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲ ಎಂದು ಹೇಳಿಕೊಂಡು ಬೆಳೆದವರು ನಾವು. ಆದರೆ ಊರಿನ ಬಿಸಿಲು ಮೈಸುಟ್ಟು ನೆರಳಿಗೆ ಅಟ್ಟುತ್ತದೆ, ಕಡಲಿನ ಬಿಸಿಲು ಹಾಗೆ ಮಾಡುವುದಿಲ್ಲ; ಗಾಳಿ ತಂಪಾಗಿ ಬೀಸುತ್ತಿರುವುದರಿಂದ ಮೈ ಸುಡುತ್ತಿರುವುದು ತಿಳಿಯುವುದೇ ಇಲ್ಲ, ಮೇಲಿನಿಂದ ಬೀಳುವ ಬೆಳಕಿಗೆ ನೀರಿನಿಂದ ಪ್ರತಿಫಲಿಸುವ ಬೆಳಕೂ ಸೇರಿಕೊಳ್ಳುತ್ತದೆ. ಅಣ್ಣನ ಹಿರಿಯ ಮಗನ ಕುತ್ತಿಗೆ, ಭುಜಗಳು ಸಂಜೆಯ ಹೊತ್ತಿಗೆ ಕೆಂಪಗೆ ಬೆಂದಂತಾಗಿ ಎರಡು ರಾತ್ರಿ ಅವನು ಬೋರಲು ಮಲಗಿದ. ಹನ್ನೊಂದರಿಂದ ಮೂರೂವರೆಯವರೆಗೆ ತೆರೆದ ಡೆಕ್ಕಿನಲ್ಲಿ ಇರಬಾರದು. ಇರಲೇಬೇಕಾದರೆ ತುಂಬುತೋಳಿನ ಹತ್ತಿಯ ಅಂಗಿ, ಸನ್‌ಸ್ಕ್ರೀನ್, ಬಾಯಾರದಿದ್ದರೂ ನೀರು ಬೇಕು.

ಮಕ್ಕಳಿಗೆ ಹಚ್ಚಬಹುದಾದ ಒಂದು ಆಟವನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಇಡೀ ಯಾನದಲ್ಲಿ ಮಕ್ಕಳು ಹೆಚ್ಚು ನೆನಪಿಟ್ಟುಕೊಂಡಿರುವುದು ಅದನ್ನೇ. ಒಂದು ನೋಟ್‌ಬುಕ್ಕಿನಲ್ಲಿ ಗಂಟೆಗೊಮ್ಮೆ ಜಿ.ಪಿ.ಎಸ್. ತೋರಿಸುವ ಅಕ್ಷಾಂಶವನ್ನು ಬರೆದುಕೊಳ್ಳಲು ಹೇಳಿ. ಮುಂಬೈ 19 ಡಿಗ್ರಿಯ ಹತ್ತಿರವಿದೆ, ಕೊಚ್ಚಿ 10 ಡಿಗ್ರಿಯ ಹತ್ತಿರ. ಹಡಗು ದಕ್ಷಿಣಕ್ಕೆ ಇಳಿಯುತ್ತಾ 16 ಡಿಗ್ರಿ 12 ನಿಮಿಷಕ್ಕೆ (ಇಲ್ಲಿ ನಿಮಿಷವೆಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ) ಬಂದಾಗ, ಅಂದರೆ ಮಹಾರಾಷ್ಟ್ರದ ದೇವಗಡ ಮತ್ತು ಮಾಲವಣದ ನಡುವಿನ ಕರಾವಳಿಯ ನೇರಕ್ಕೆ ಬಂದಾಗ, ಎಡಕ್ಕೆ ಮುಖ ಮಾಡಿ ನಿಂತರೆ ರಾಯಚೂರು ನೇರ ಪೂರ್ವಕ್ಕಿರುತ್ತದೆ. 15 ಡಿಗ್ರಿ 21 ನಿಮಿಷದ ಹತ್ತಿರ ಕೊಪ್ಪಳ, ದಕ್ಷಿಣ ಗೋವಾದ ಕರಾವಳಿಯ ನೇರದಲ್ಲಿ, ಕಾರವಾರ ಬರುವ ಮೊದಲೇ, 15 ಡಿಗ್ರಿ 9 ನಿಮಿಷದಲ್ಲಿ ಬಳ್ಳಾರಿ. ದಡದಿಂದಲೇ ನಮ್ಮೂರು ಮುನ್ನೂರು ಕಿಲೋಮೀಟರಿಗೂ ಹೆಚ್ಚು ಒಳಗಿದೆ, ಕಣ್ಣಿಗೆ ಕಾಣುವುದು ನೀರು ಮಾತ್ರ. ಆದರೂ ಆ ಅಂಕಿ ಬಂದ ಕ್ಷಣ ಮಕ್ಕಳು ಕಟಕಟೆಗೆ ಓಡಿ ‘ಮನಿ ಆ ಕಡೆ ಐತಿ’ ಎಂದು ಕೈ ಮಾಡಿದರು, ನಾವು ದೊಡ್ಡವರೂ ಹೋಗಿ ನಿಂತೆವು. ಯಾನದ ವೇಳೆಗೆ ತಕ್ಕಂತೆ ಇದು ಹಗಲಲ್ಲಿ ಬರಬಹುದು, ರಾತ್ರಿಯೂ ಬರಬಹುದು. ರಾತ್ರಿ ಬಂದರೆ ಎಬ್ಬಿಸಿ ತೋರಿಸುವಷ್ಟು ಬೆಲೆಯುಳ್ಳದ್ದು ಎಂದೇ ನನ್ನ ಎಣಿಕೆ. ಅದೇ ಪುಸ್ತಕದಲ್ಲಿ ವೇಗದ ಲೆಕ್ಕವನ್ನೂ ಹಾಕಿಸಿ: 18 ನಾಟ್ ವೇಗದಲ್ಲಿ 24 ಗಂಟೆ ಸಾಗಿದರೆ 800 ಕಿಲೋಮೀಟರ್, ಅಂದರೆ ಬಳ್ಳಾರಿಯಿಂದ ಬೆಂಗಳೂರಿಗೆ ಹೋಗಿ ಬಂದರೂ ಮಿಗುವ ದಾರಿ.

ನೀರನ್ನು ನೋಡುವವರು ಮೇಲಿನ ಡೆಕ್ಕಿಗಿಂತ ಕೆಳಗಿನ ತೆರೆದ ಡೆಕ್ಕಿನಲ್ಲಿ, ಆದಷ್ಟು ಮುಂಭಾಗಕ್ಕೆ ನಿಲ್ಲಬೇಕು. ಹಡಗು ಸೀಳುವ ನೀರಿನಿಂದ ಹಾರುವ ಮೀನುಗಳು ಗುಬ್ಬಿಗಳ ಹಿಂಡಿನಂತೆ ಎದ್ದು, ಅಲೆಗೆ ತಾಗುವಷ್ಟು ಕೆಳಗೆ ತೇಲಿ, ಮತ್ತೆ ನೀರಿಗೆ ಬೀಳುವುದು ಅಲ್ಲಿಂದ ಕಾಣುತ್ತದೆ. ಡಾಲ್ಫಿನ್‌ಗಳು ಕಾಣುವ ಭರವಸೆಯನ್ನು ಯಾರೂ ಕೊಡಲಾರರು. ಕಾದು ಕುಳಿತವರಿಗೆ ಕಾಣುವ ಸಾಧ್ಯತೆ ಹೆಚ್ಚು, ಅಷ್ಟೇ.

ಮಧ್ಯಾಹ್ನ

ಊಟ ಮಾಡಿ, ಅಡ್ಡಾಗಿ. ನಮ್ಮ ಸೀಮೆಯವರು ಬಿಸಿಲಿನ ಹೊತ್ತನ್ನು ಕಳೆಯುವ ಹಳೆಯ ಕ್ರಮವೇ ಹಡಗಿಗೂ ಸರಿಹೊಂದುತ್ತದೆ. ಎದ್ದ ಮೇಲೆ ಚೌಕಾಬಾರದ ಹಾಸನ್ನು ನೆರಳಿನ ಒಂದು ಮೂಲೆಯಲ್ಲಿ ಬಿಚ್ಚಿ. ಕಡಲಿನಲ್ಲಿ ಹುಟ್ಟುವ ಕವಡೆ ಮಾಲ್ಡೀವ್ಸ್ ಕಡೆಯ ದ್ವೀಪಗಳಿಂದ ಹಡಗುಗಳಲ್ಲಿ ಬಂದು ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಹಣವಾಗಿ ಚಲಾವಣೆಯಲ್ಲಿತ್ತು. ಅದೇ ನೀರಿನ ಮೇಲೆ ಕುಳಿತು ಕವಡೆ ಆಡುವುದರಲ್ಲಿ ಒಂದು ಸೊಗಸಿದೆ. ನಾವು ಆಡುತ್ತಿದ್ದುದನ್ನು ಕಂಡು ಸೊಲ್ಲಾಪುರದ ಒಂದು ಕುಟುಂಬ ಬಂದು ಕುಳಿತುಕೊಂಡಿತು, ಅವರ ಲೆಕ್ಕದ ಪದ್ಧತಿ ಬೇರೆಯಾಗಿತ್ತು, ಎರಡು ಗಂಟೆ ಹೋದದ್ದೇ ತಿಳಿಯಲಿಲ್ಲ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಫೋನು ಹಿಡಿದು ಕೂರುವ ಕಾಲದಲ್ಲಿ, ಸಿಗ್ನಲ್ ಇಲ್ಲದ ಈ ಇಳಿಹೊತ್ತನ್ನು ಹಿರಿಯರ ಬಾಯಿಂದ ಹಳೆಯ ಮಾತುಗಳನ್ನು ಕೇಳಲು ಬಳಸಿಕೊಳ್ಳಿ. ಅವ್ವ ತಮ್ಮ ತವರಿನಲ್ಲಿ ಹೊಳೆ ಬಂದ ವರ್ಷದ ಕಥೆಯನ್ನು ಮೊದಲ ಸಲ ಪೂರ್ತಿಯಾಗಿ ಹೇಳಿದ್ದು ಅಲ್ಲಿಯೇ.

ಸಂಜೆ ಮತ್ತು ರಾತ್ರಿ

ಸೂರ್ಯ ಮುಳುಗುವಾಗ ಬಲ ಬದಿಯ ಕಟಕಟೆಯಲ್ಲಿ ಜನ ಸೇರುತ್ತಾರೆ, ಹದಿನೈದು ನಿಮಿಷ ಮೊದಲೇ ಜಾಗ ಹಿಡಿಯಿರಿ. ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ತುಂಗಭದ್ರೆ ತುಂಬಿದಾಗ ಬಾಗಿನ ಅರ್ಪಿಸುವ, ಸೇತುವೆ ದಾಟುವಾಗ ಹೊಳೆಗೆ ನಾಣ್ಯ ಹಾಕಿ ಕೈಮುಗಿಯುವ ಸಂಪ್ರದಾಯದವರು ನಾವು; ಕಡಲನ್ನು ಕಂಡಾಗಲೂ ಹೂವು, ಕಾಯಿ, ಅರಿಸಿನ ಕುಂಕುಮದ ಪೊಟ್ಟಣ ಹಾಕಬೇಕೆಂದು ಮನಸ್ಸಾಗುತ್ತದೆ. ಹಡಗಿನಿಂದ ಏನನ್ನೂ ಎಸೆಯಬಾರದು. ಮಾರ್ಪೋಲ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪ್ಲಾಸ್ಟಿಕ್ಕನ್ನು ಯಾವ ಕಡಲಿನಲ್ಲಿಯೂ ಎಸೆಯುವಂತಿಲ್ಲ, ಗಾಳಿಗೆ ಮರಳಿ ಕೆಳಗಿನ ಡೆಕ್ಕಿಗೆ ಬಂದು ಬೀಳುವ ವಸ್ತುವಿನಿಂದ, ಅದರಲ್ಲಿಯೂ ಆರದ ಸಿಗರೇಟಿನ ತುಂಡಿನಿಂದ, ಬೆಂಕಿಯ ಅಪಾಯವೂ ಇದೆ. ನಮ್ಮ ಅವ್ವ ಬರಿಗೈ ಜೋಡಿಸಿ ನಮಸ್ಕಾರ ಮಾಡಿದರು. ಅದು ಸಾಕು.

ಸಂಜೆಯ ಪ್ರದರ್ಶನ, ಊಟಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಗುರುತು ಹಾಕಿದ ಮೂರರಲ್ಲಿ ಒಂದು ಇಲ್ಲಿ ಬರಲಿ, ಟ್ರಂಕಿನಲ್ಲೇ ಉಳಿಯುವ ಇಳಕಲ್ ಸೀರೆಯನ್ನು ಉಡಲು ಇದು ತಕ್ಕ ಸಮಯ. ಹಡಗಿನಲ್ಲಿ ಕ್ಯಾಸಿನೋ ಇರುತ್ತದೆ. ಕೈಯಲ್ಲಿ ನೋಟು ಹಿಡಿಯದೆ ಹಡಗಿನವರು ಕೊಟ್ಟ ಕಾರ್ಡು ತೋರಿಸಿಯೇ ಎಲ್ಲ ನಡೆಯುವುದರಿಂದ ಎಷ್ಟು ಹೋಯಿತೆಂಬ ಅಂದಾಜು ತಪ್ಪುತ್ತದೆ, ಅತ್ತ ಹೋಗದಿರುವುದೇ ಕ್ಷೇಮ.

ಊಟವಾದ ಮೇಲೆ ಹಡಗಿನಲ್ಲಿ ದೀಪ ಕಡಿಮೆ ಇರುವ ಡೆಕ್ಕಿನ ಮೂಲೆಯನ್ನು ಹುಡುಕಿಕೊಂಡು ಹೋಗಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು, ಅಲ್ಲಿಯವರೆಗೆ ಫೋನು ತೆರೆಯಬೇಡಿ. ಧ್ರುವ ನಕ್ಷತ್ರ ಉತ್ತರದಲ್ಲಿ, ಅಂದರೆ ದಕ್ಷಿಣಕ್ಕೆ ಹೋಗುವ ಹಡಗಿನ ಹಿಂಬದಿಯಲ್ಲಿ ಕಾಣುತ್ತದೆ. ನಾವು ಇರುವ ಅಕ್ಷಾಂಶ ಎಷ್ಟೋ ಅದು ದಿಗಂತದಿಂದ ಸುಮಾರು ಅಷ್ಟೇ ಡಿಗ್ರಿ ಎತ್ತರದಲ್ಲಿರುತ್ತದೆ. ಚಾಚಿದ ತೋಳಿನ ತುದಿಯ ಮುಷ್ಟಿ ಸುಮಾರು 10 ಡಿಗ್ರಿ. ಮುಂಬೈಯಲ್ಲಿ ಎರಡು ಮುಷ್ಟಿ ಎತ್ತರದಲ್ಲಿದ್ದ ನಕ್ಷತ್ರ ಬಳ್ಳಾರಿಯ ನೇರಕ್ಕೆ ಬರುವಾಗ ಒಂದೂವರೆ ಮುಷ್ಟಿಗೆ ಇಳಿದಿರುತ್ತದೆ, ಕೊಚ್ಚಿಯ ಬಳಿ ಒಂದೇ ಮುಷ್ಟಿ. ಮಕ್ಕಳ ನೋಟ್‌ಬುಕ್ಕಿನ ಅಂಕಿಗಳನ್ನು ಆಕಾಶದಲ್ಲಿ ಹೀಗೆ ಅಳೆದು ತಾಳೆ ನೋಡಬಹುದು. ದೂರದಲ್ಲಿ ಬೇರೆ ಹಡಗಿನ ದೀಪ ಕಂಡರೆ ಬಣ್ಣವನ್ನು ಗಮನಿಸಿ: ಎಲ್ಲ ಹಡಗುಗಳಿಗೂ ಎಡಬದಿಯಲ್ಲಿ ಕೆಂಪು, ಬಲಬದಿಯಲ್ಲಿ ಹಸಿರು ದೀಪವಿರುತ್ತದೆ, ಕೆಂಪು ಕಂಡರೆ ಅದರ ಎಡ ಮಗ್ಗುಲು ನಿಮ್ಮ ಕಡೆಗಿದೆ ಎಂದರ್ಥ.

ಮಲಗುವ ಮೊದಲು ಹಡಗಿನ ಕಾರ್ಡಿನ ಲೆಕ್ಕವನ್ನು ಒಮ್ಮೆ ತೆಗೆಸಿ ನೋಡಿ, ಗೊತ್ತಿಲ್ಲದ ಖರ್ಚು ಕಂಡರೆ ಆಗಲೇ ಕೇಳಿ. ಇಳಿಯುವ ಬೆಳಗಿನ ಸಾಲಿನಲ್ಲಿ ನಿಂತು ಕೇಳಲು ಪುರುಸೊತ್ತು ಇರುವುದಿಲ್ಲ. ಮರುದಿನ ಬಂದರು ಸೇರುವುದಕ್ಕೆ ಗಂಟೆ, ಒಂದೂವರೆ ಗಂಟೆ ಮೊದಲಿನ ಹೊತ್ತಿಗೆ ಅಲಾರಂ ಇಟ್ಟುಕೊಳ್ಳಿ. ಬಂದರಿನ ನೀರಿನ ಆಳ, ಸೆಳವುಗಳನ್ನು ಬಲ್ಲ ಪೈಲಟ್ ಒಂದು ಸಣ್ಣ ದೋಣಿಯಲ್ಲಿ ಬಂದು, ಚಲಿಸುತ್ತಿರುವ ಹಡಗಿನ ಮಗ್ಗುಲಿಗೆ ಇಳಿಬಿಟ್ಟ ಹಗ್ಗದ ಏಣಿಯನ್ನು ಹಿಡಿದು ಮೇಲೇರುತ್ತಾರೆ. ಕೆಳಗಿನ ಡೆಕ್ಕಿನಿಂದ ಅದು ಚೆನ್ನಾಗಿ ಕಾಣುತ್ತದೆ. ಅವರು ಹತ್ತಿದ ಸ್ವಲ್ಪ ಹೊತ್ತಿಗೆ ದಡದ ದೀಪಗಳು ಕಾಣಿಸಿಕೊಳ್ಳುತ್ತವೆ.